ಬೀಜ-ಬಟ್ಟಲು ಯಂತ್ರ ಮೀಮಾಂಸೆ: ಒಂದು ತಾತ್ವಿಕ ಚೌಕಟ್ಟಿನ ಕಡೆಗೆ

ವ್ಯಾಪ್ತಿ ಮತ್ತು ಮಿತಿ

ಕಾಫಿಬೀಜವನ್ನು ತನ್ನ ಹೊಟ್ಟೆಯೊಳಗೇ ಬೀಸಿ, ಒತ್ತಿ, ಸೋಸಿ, ನೊರೆಹಾಲಿನ ಸಮೇತ ಬಟ್ಟಲಿಗಿಳಿಸುವ ಗೃಹಬಳಕೆಯ ಯಂತ್ರವನ್ನು (ಇನ್ನು ಮುಂದೆ ‘ಪಠ್ಯ’) ಸಾಂಸ್ಕೃತಿಕ, ಆರ್ಥಿಕ ಹಾಗೂ ಅಡುಗೆಕಟ್ಟೆಯ ನೆಲೆಗಳಲ್ಲಿ ಮುಖಾಮುಖಿಯಾಗುವುದು ಪ್ರಸ್ತುತ ಅಧ್ಯಯನದ ಆಶಯ. ವ್ಯಾಪ್ತಿ: ಕೊಳ್ಳುವ ಆಸೆಯಿಂದ ಮೊದಲ ಗುಟುಕಿನವರೆಗೆ. ಮಿತಿ: ಸಂಶೋಧಕನ ಬ್ಯಾಂಕ್ ಖಾತೆ. ಕಾಫಿಯ ಮೇಲೆ ಕನ್ನಡದಲ್ಲಿ ಬರೆಯುವವರೆಲ್ಲ ಬಾಬಾಬುಡನ್ ಅವರು ಏಳು ಬೀಜ ತಂದ ಐತಿಹ್ಯದಿಂದ ಶುರುಮಾಡಬೇಕೆಂಬ ಅಲಿಖಿತ ಶಾಸನವಿದೆ. ಆ ವಿಧಿ ಇಲ್ಲಿಗೆ ನೆರವೇರಿತು.

ಪೂರ್ವಸೂರಿಗಳು

ಟ್ಯೂರಿನ್ನಿನ ಆಂಜೆಲೊ ಮೊರಿಯೊಂಡೊ 1884ರಲ್ಲಿ, ಮಿಲಾನಿನ ಲುಯಿಜಿ ಬೆಜ್ಜೆರಾ 1901ರಲ್ಲಿ ಉಗಿಯ ಒತ್ತಡದಿಂದ ಕಾಫಿ ಇಳಿಸುವ ಯಂತ್ರಗಳಿಗೆ ಪೇಟೆಂಟ್ ಪಡೆದರು. ಬೇಗ ಕಾಫಿ ಕೊಡಬೇಕೆಂಬುದಷ್ಟೇ ಅವರ ಉದ್ದೇಶವಾಗಿದ್ದರಿಂದ ಅವರಲ್ಲಿ ಸೈದ್ಧಾಂತಿಕ ಚೌಕಟ್ಟಿನ ಕೊರತೆ ಎದ್ದು ಕಾಣುತ್ತದೆ. ಪ್ರಸ್ತುತ ಅಧ್ಯಯನವು ಆ ಕಂದರವನ್ನು ತುಂಬುತ್ತದೆ.

ವರ್ಗೀಕರಣ

ಪಠ್ಯಗಳಲ್ಲಿ ಐದು ಪಂಥಗಳನ್ನು ಗುರುತಿಸಬಹುದು. ಮೊದಲನೆಯದು ಮಾರ್ಗ: ಗುಂಡಿ ಒತ್ತಿದರೆ ಹಾಲೂ ನೊರೆಯೂ ತಾವಾಗಿಯೇ ಬರುತ್ತವೆ, ಹಾಲಿನ ಕೊಳವೆಯನ್ನು ದಿನಾ ತೊಳೆಯದಿದ್ದರೆ ವಾಸನೆಯೂ ತಾನಾಗಿಯೇ ಬರುತ್ತದೆ. ಎರಡನೆಯದು ದೇಸಿ: ಉಗಿಯ ನಳಿಕೆಗೆ ಹಾಲಿನ ಪಾತ್ರೆ ಹಿಡಿದು ನೀವೇ ನಿಲ್ಲಬೇಕು. ಮೂರು ಮತ್ತು ನಾಲ್ಕನೆಯವು ಸ್ಥಾವರ, ಜಂಗಮ. ಪುಡಿಯನ್ನು ಒತ್ತಿ ರಸ ಇಳಿಸುವ ಅಂಗಕ್ಕೆ ಬ್ರೂ ಗ್ರೂಪ್ ಎನ್ನುತ್ತಾರೆ. ಅದು ಯಂತ್ರದ ಗರ್ಭದಲ್ಲೇ ಹುದುಗಿ ಮಾತ್ರೆ ಹಾಕಿಸಿಕೊಂಡು ಶುದ್ಧವಾಗುವಂತಿದ್ದರೆ ಸ್ಥಾವರ. ಕಳಚಿ ನಲ್ಲಿಯಡಿ ತೊಳೆಯಲು ಬಂದರೆ ಜಂಗಮ. ಸ್ವಿಟ್ಜರ್ಲೆಂಡಿನ ಯೂರಾ ಸ್ಥಾವರಕ್ಕೆ, ಇಟಲಿಯ ಡೆಲೋಂಗಿ ಜಂಗಮಕ್ಕೆ ನಿದರ್ಶನ. ಐದನೆಯ ಪಂಥವನ್ನು ಹೆಸರಿಸುವ ಉತ್ಸಾಹ ಈಗ ಉಳಿದಿಲ್ಲ. ಐದಿದ್ದರೆ ಅಧ್ಯಾಯ ತುಂಬುತ್ತದೆಂದು ಮಾರ್ಗದರ್ಶಕರು ಹೇಳಿದ್ದರು, ಅಷ್ಟೆ.

ಒತ್ತಡದ ಕಥನ

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ‘15 ಬಾರ್’ ಎಂದಿರುತ್ತದೆ. ಪಕ್ಕದ ಪೆಟ್ಟಿಗೆ ‘19 ಬಾರ್’ ಎಂದು ಮೀಸೆ ತಿರುವುತ್ತದೆ. ಎಸ್ಪ್ರೆಸೊಗೆ ಪುಡಿಯ ಮೇಲೆ ಬೀಳಬೇಕಾದ ಒತ್ತಡ ಸುಮಾರು 9 ಬಾರ್. ಮಿಕ್ಕಿದ್ದು ಪಂಪಿನ ತಾಕತ್ತು. ಕಾಫಿಗೂ ಅದಕ್ಕೂ ಸಂಬಂಧವಿಲ್ಲ. ಇದನ್ನು ಅಂಗಡಿಯ ಹುಡುಗನಿಗೆ ಹೇಳಿ ನೋಡಿ. ಅವನು ನಿಮ್ಮನ್ನು ಕರುಣೆಯಿಂದ ನೋಡಿ, ಬೆರಳಿನಿಂದ ಪರದೆ ಸವರುತ್ತ, ‘ಸಾರ್, ಇದರಲ್ಲಿ ಯೂಸರ್ ಪ್ರೊಫೈಲೂ ಇದೆ’ ಎನ್ನುತ್ತಾನೆ.

ರಸಮೀಮಾಂಸೆ

ಪಠ್ಯದ ಆಸ್ವಾದಕರು ಕಣ್ಣುಮುಚ್ಚಿ ಬರ್ಗಮಾಟ್, ಬ್ಲ್ಯಾಕ್‌ಕರಂಟ್, ಮಲ್ಲಿಗೆಯ ‘ನೋಟ್ಸ್’ ಗುರುತಿಸುತ್ತಾರೆ. ಬ್ಲ್ಯಾಕ್‌ಕರಂಟ್ ಗಿಡವನ್ನು ಇವರಲ್ಲಿ ಯಾರು ಕಂಡಿದ್ದಾರೋ! ಇತ್ತ ಪೀಬೆರಿಗೆ ಪ್ಲಾಂಟೇಷನ್ ಎ ಬೆರೆಸಿ, ನೂರಕ್ಕೆ ಇಪ್ಪತ್ತು ಚಿಕೋರಿ ಹಾಕಿಸಿಕೊಂಡು ಬರುವ ನಾಲಿಗೆಗೆ ಪಠ್ಯದಲ್ಲಿ ಪ್ರವೇಶವಿಲ್ಲ. ಚಿಕೋರಿಯನ್ನು ಗ್ರೈಂಡರಿಗೆ ಹಾಕುವಂತಿಲ್ಲ. ಪುಡಿಗೆಂದೇ ಪ್ರತ್ಯೇಕ ಕಿಂಡಿ ಇದ್ದರೂ ಅಲ್ಲಿ ಹಾಕಿದ ಚಿಕೋರಿ ನೀರು ತಾಕಿದೊಡನೆ ಅಂಟಾಗಿ ಕಟ್ಟಿಕೊಳ್ಳುತ್ತದೆ. ಎಣ್ಣೆ ಜಿನುಗುವಷ್ಟು ಕಪ್ಪಗೆ ಹುರಿದ ಬೀಜವೂ ಬೇಡವೆನ್ನುತ್ತಾರೆ. ಇನ್ನು ಬಿಸಿ. ಪಠ್ಯದ ನೊರೆಹಾಲು 60–65 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುತ್ತದೆ, ಅದಕ್ಕಿಂತ ಕಾದರೆ ಹಾಲಿನ ಸಿಹಿ ಕೆಡುತ್ತದಂತೆ. ಲೋಟ ಹಿಡಿದರೆ ಬೆರಳು ಚುರುಕ್ಕೆನ್ನಬೇಕೆಂದು ಬಯಸುವ ಮಾವನವರು ಒಂದು ಗುಟುಕು ಕುಡಿದು, ‘ಆರಿಹೋಗಿದೆಯಲ್ಲಮ್ಮಾ’ ಎನ್ನುತ್ತಾರೆ. ಈ ಎರಡು ರಸದೃಷ್ಟಿಗಳನ್ನು ಯಾವ ತೌಲನಿಕ ವಿಧಾನವೂ ಒಂದುಗೂಡಿಸಿಲ್ಲ. ಜತೆಗೆ ನೆಂಟರು ಐದು ಜನ ಬಂದರೆ ಯಂತ್ರ ಕೊಡುವುದು ಒಂದೋ ಎರಡೋ ಬಟ್ಟಲಿನ ಲೆಕ್ಕದಲ್ಲಿ. ಐದನೆಯವರಿಗೆ ಬರುವ ಹೊತ್ತಿಗೆ ಮೊದಲನೆಯವರು ಎದ್ದು ಚಪ್ಪಲಿ ಹುಡುಕುತ್ತಿರುತ್ತಾರೆ.

ಸ್ವಯಂಚಾಲನೆಯ ಸಮಸ್ಯೆ

ಪಠ್ಯವು ಮಾತಾಡುತ್ತದೆ. ನೀರು ತುಂಬಿಸಿ. ಚರಟ ಖಾಲಿ ಮಾಡಿ. ತಟ್ಟೆ ತೊಳೆಯಿರಿ. ಸುಣ್ಣ ಕರಗಿಸಿ. ಬೋರ್‌ವೆಲ್ ನೀರಿನ ಬೆಂಗಳೂರಿನ ಬಡಾವಣೆಗಳಲ್ಲಿ ಈ ಕೊನೆಯ ಆಜ್ಞೆ ಮತ್ತೆಮತ್ತೆ ಬರುತ್ತದೆ. ಅದನ್ನು ಪಾಲಿಸುವ ಅರ್ಧ ಗಂಟೆ ಯಾರಿಗೂ ಕಾಫಿಯಿಲ್ಲ. ಊರಿಗೆ ಹೋಗುವಾಗ ಚರಟ ಒಳಗೇ ಬಿಟ್ಟರೆ ಬಂದು ನೋಡುವಾಗ ಹಸಿರು ಬೂಷ್ಟು.

ಈ ಪರದೆ ಮಾತಾಡುವುದು ಯಾರ ಜತೆ? ಲಕ್ಷ ದಾಟುವ ಯಂತ್ರಗಳ ಗುಣದೋಷವನ್ನು ಪುಟಗಟ್ಟಲೆ ತೂಗುವ ಪಂಡಿತರು ಈ ಪ್ರಶ್ನೆಯನ್ನು ಒಮ್ಮೆಯೂ ಎತ್ತುವುದಿಲ್ಲ. ‘ನಿನಗೆ ಸುಖವಾಗಲಿ ಅಂತ ತಂದೆ’ ಎಂದು ಗಂಡ ಪೆಟ್ಟಿಗೆ ಇಳಿಸುತ್ತಾನೆ. ಹೆಂಡತಿಗೆ ಫಿಲ್ಟರ್ ತೊಳೆಯುವುದು ತಪ್ಪಿತು, ಬದಲಿಗೆ ಹಾಲಿನ ಕೊಳವೆ, ಬ್ರೂ ಗ್ರೂಪ್, ಚರಟದ ಡಬ್ಬಿ, ತಟ್ಟೆ ಬಂದವು. ಗುಂಡಿ ಒತ್ತುವ ಕೆಲಸ ಮಾತ್ರ ಅವನದು. ನೆಂಟರಿಗೆ ‘ಕಾಫಿ ನಾನೇ ಮಾಡೋದು’ ಎಂದು ಹೇಳಿಕೊಳ್ಳುವುದೂ ಅವನದೇ.

ಇನ್ನು ಬೀಜ. ಪಂಡಿತರ ಪಾಲಿಗೆ ಅದು ಪೊಟ್ಟಣದಲ್ಲಿ ಹುಟ್ಟುತ್ತದೆ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಪಾಲು ಕರ್ನಾಟಕದ್ದು: ಕೊಡಗು, ಚಿಕ್ಕಮಗಳೂರು, ಹಾಸನ. ಅದರ ಬಹುಪಾಲು ಹಡಗು ಹತ್ತುತ್ತದೆ, ಇಟಲಿ ಅದರ ದೊಡ್ಡ ಗಿರಾಕಿ. ಚಳಿಗಾಲದಲ್ಲಿ ಅರೇಬಿಕಾ, ಅದರ ಹಿಂದೆಯೇ ರೊಬಸ್ಟಾ. ಇಳಿಜಾರಿನಲ್ಲಿ, ಮರದ ನೆರಳಿನಲ್ಲಿ, ಕೊಂಬೆ ಬಗ್ಗಿಸಿ ಹಣ್ಣು ಬಿಡಿಸುವುದು ಇಂದಿಗೂ ಕೈಯೇ. ಲೈನ್ ಮನೆಯಿಂದ ಹೊರಟ ಹೆಂಗಸು, ಅಸ್ಸಾಮಿನಿಂದ ಬಂದ ಹುಡುಗ ಸಂಜೆ ಚೀಲ ಹೊತ್ತು ತೂಕದ ಸಾಲಿನಲ್ಲಿ ನಿಲ್ಲುತ್ತಾರೆ. ಕೂಲಿ ಆ ತೂಕದ ಮೇಲೆ. ಅಲ್ಲಿ ಮುಳ್ಳು ಎಲ್ಲಿಗೆ ನಿಂತಿತೆಂದು ಅವರು ನೋಡುವ ನೋಟವನ್ನು ಕಂಡಮೇಲೆ ಬರ್ಗಮಾಟಿನ ಮಾತಾಡುವವರ ಮೇಲೆ ಬರುವ ಸಿಟ್ಟನ್ನು ಯಾವ ಅಡಿಟಿಪ್ಪಣಿಯಲ್ಲೂ ಅಡಗಿಸಲಾಗದು. ಬೀಜ ಬೀಸಲು ಹದಿಮೂರು ಹಂತದ ಹೊಂದಾಣಿಕೆ ಬೇಕೆನ್ನುವವರಿಗೆ ಆ ಬೀಜ ಕೊಯ್ದವರ ಕೂಲಿ ಎಷ್ಟೆಂದು ಕೇಳಿ, ಒಬ್ಬನೂ ಹೇಳಲಾರ.

ಫಲಿತಗಳು

ಚಿಕೋರಿ ಬೇಕೆನ್ನುವ ಮನೆಗೆ ಕೆಲವು ನೂರು ರೂಪಾಯಿಯ ಸ್ಟೀಲ್ ಫಿಲ್ಟರ್ ಸಾಕು. ಕೊಂಡೇ ತೀರುವವರು ಬಾರ್ ಎಣಿಸಬೇಡಿ. ಬ್ರೂ ಗ್ರೂಪ್ ಕಳಚಿ ತೊಳೆಯಲು ಬರುವುದನ್ನು ನೋಡಿ, ನಿಮ್ಮ ಊರಿನಲ್ಲೇ ರಿಪೇರಿಯವನಿದ್ದಾನೆಯೇ ವಿಚಾರಿಸಿ, ಮನೆಯ ನೀರಿನ ಗಡಸುತನ ಪರೀಕ್ಷಿಸಿ. ತೊಳೆಯುವವರು ಯಾರೆಂಬುದನ್ನು ಅಂಗಡಿಗೆ ಹೊರಡುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ.