ಟಾಮಿಯ ಪಾಯಸ ಪ್ರಸಂಗ

ಹಬ್ಬದ ಪಾಯಸಕ್ಕೆ ತೆಗೆದಿಟ್ಟ ಒಣದ್ರಾಕ್ಷಿಯ ಬಟ್ಟಲು ಖಾಲಿ. ಮೊದಲ ಅನುಮಾನ, ವಾಡಿಕೆಯಂತೆ, ನನ್ನ ಮೇಲೆ. ಅಷ್ಟರಲ್ಲಿ ಟಾಮಿ ಮೂತಿ ನೆಕ್ಕುತ್ತ ಬಂದು ನನ್ನನ್ನು ಖುಲಾಸೆ ಮಾಡಿದ. ಆ ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ದ್ರಾಕ್ಷಿ ತಿಂದರೆ ನಾಯಿಯ ಮೂತ್ರಪಿಂಡಕ್ಕೇ ಕುತ್ತು.

“ಉಪ್ಪುನೀರು ಕುಡಿಸಿ ವಾಂತಿ ಮಾಡ್ಸೋ” ಎಂದಳು ಅಜ್ಜಿ. ನಾನು ಪಶುವೈದ್ಯರಿಗೆ ಫೋನಾಯಿಸಿದೆ.

“ಉಪ್ಪುನೀರು ಬೇಡವೇ ಬೇಡ, ಅದೂ ಅಪಾಯವೇ. ಎಷ್ಟು ತಿಂದ, ಯಾವಾಗ ತಿಂದ, ತೂಕವೆಷ್ಟು?”

“78 ಕೆಜಿ” ಎಂದೆ ಗಾಬರಿಯಲ್ಲಿ.

“ನಿಮ್ಮದಲ್ಲ ಸ್ವಾಮಿ, ನಾಯಿಯದು! ಲಕ್ಷಣಕ್ಕೆ ಕಾಯದೆ ಈಗಲೇ ಕರೆತನ್ನಿ.”

ಅಲ್ಲಿ ಸೂಜಿ ಚುಚ್ಚಿ ಕಕ್ಕಿಸಿದರು. ಚಾಕೊಲೇಟು, ಈರುಳ್ಳಿಯೂ ಅವನಿಗೆ ನಿಷಿದ್ಧವಂತೆ. ಈಗ ಬಟ್ಟಲು ಅಟ್ಟ ಸೇರಿದೆ. ಇನ್ನು ದ್ರಾಕ್ಷಿ ಕಡಿಮೆಯಾದರೆ ಟಾಮಿಯ ಹೆಸರು ಹೇಳುವಂತಿಲ್ಲ.