ಲದ್ದಿ ಮೀಮಾಂಸೆ: ಹನಗೋಡು ಪ್ರಸ್ಥಾನ

ಜೀವಿಪರಿಸರ ಶಾಸ್ತ್ರದ ಕ್ಷೇತ್ರಕಾರ್ಯವನ್ನು ಪ್ರಾಜ್ಞರು ಹಿಮಪಂಥ, ಲದ್ದಿಪಂಥ ಎಂದು ಎರಡಾಗಿ ವಿಂಗಡಿಸಿದ್ದಾರೆ. (ಯಾವ ಪ್ರಾಜ್ಞರು ಎಂದು ಕೇಳುವವರಿಗೆ ಈ ಪ್ರಬಂಧ ಓದುವ ಅಧಿಕಾರವಿಲ್ಲ.) ಹಿಮಪಂಥದ ಭಾರತೀಯ ಪೀಠವು ಉತ್ತರ ಧ್ರುವದ ಹತ್ತಿರ ಸ್ವಾಲ್‌ಬಾರ್ಡ್‌ನಲ್ಲಿ 2008ರಲ್ಲಿ ತೆರೆದ ‘ಹಿಮಾದ್ರಿ’ ಸಂಶೋಧನಾ ಕೇಂದ್ರ. ಲದ್ದಿಪಂಥದ ಪೀಠ ಹುಣಸೂರು ತಾಲ್ಲೂಕಿನ ಹನಗೋಡು ದಾಟಿ, ವೀರನಹೊಸಹಳ್ಳಿ ಗೇಟಿನ ಒಳಗೆ, ನಾಗರಹೊಳೆ ಕಾಡಿನಲ್ಲಿದೆ.

ಮೊದಲಿಗೆ ಕಾಲನಿರ್ಣಯ. ಟುಂಡ್ರಾದಲ್ಲಿ ‘ಒಂದು ದಿನದ ಕ್ಷೇತ್ರಕಾರ್ಯ’ ಎಂಬ ಮಾತೇ ಅಸಿದ್ಧ. ಸ್ವಾಲ್‌ಬಾರ್ಡ್‌ನಲ್ಲಿ ಏಪ್ರಿಲ್ ಮೂರನೇ ವಾರದಿಂದ ಆಗಸ್ಟ್ ನಾಲ್ಕನೇ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಸೂರ್ಯೋದಯದ ಲೆಕ್ಕದಲ್ಲಿ ದಿನಭತ್ಯೆ ಮಂಜೂರು ಮಾಡುವ ಗುಮಾಸ್ತನೊಬ್ಬ ಅಲ್ಲಿದ್ದರೆ ನಾಲ್ಕು ತಿಂಗಳ ದುಡಿಮೆಗೆ ಒಂದೇ ದಿನದ ಭತ್ಯೆ ಸಿಕ್ಕೀತು. ಹನಗೋಡಿನಲ್ಲಿ ಈ ಗೊಂದಲವಿಲ್ಲ. ಬೆಳಗ್ಗೆ ಆರಕ್ಕೆ ದಿನ ಶುರು, ಚಿತ್ರಾನ್ನದ ಪೊಟ್ಟಣ ಬಿಚ್ಚಿದಾಗ ಅರ್ಧ ದಿನ, ಪ್ಯಾಂಟಿನೊಳಗಿನ ಉಣ್ಣೆಗಳನ್ನು ಕಿತ್ತು ಮುಗಿಸಿದಾಗ ದಿನಾಂತ್ಯ.

ರಕ್ಷಣೆಯ ವಿಷಯದಲ್ಲೂ ಭೇದವುಂಟು. ಅಲ್ಲಿ ವಸತಿ ಬಿಟ್ಟು ಹೊರಟವರು ಹಿಮಕರಡಿಗೆ ಹೆದರಿ ಬಂದೂಕು ಹೊರುತ್ತಾರೆ. ಇಲ್ಲಿ ಸಂಶೋಧಕನ ಮುಂದೆ ಒಬ್ಬ ವಾಚರ್ ಇರುತ್ತಾನೆ. ಅನೇಕ ವೇಳೆ ಜೇನುಕುರುಬರವನು, ಕೈಯಲ್ಲಿ ಒಂದು ಮಚ್ಚು, ಅದೂ ಲಂಟಾನ ಸವರುವುದಕ್ಕೆ.

ಈಗ ಶಾಸ್ತ್ರಭಾಗ. ಕಾಡಿನಲ್ಲಿ ಸರಳರೇಖೆ ಎಳೆದು, ಅದರ ಮೇಲೆ ನಡೆದು, ಕಂಡದ್ದನ್ನು ಎಣಿಸಿ, ಕಂಡದ್ದು ರೇಖೆಯಿಂದ ಎಷ್ಟು ದೂರವೆಂದು ಅಳೆಯುವ ಈ ವಿದ್ಯೆಗೆ ‘ಲೈನ್ ಟ್ರಾನ್ಸೆಕ್ಟ್’ ಎಂದು ಹೆಸರು. ಇದು ಮೂರು ಗೃಹೀತಗಳ ಮೇಲೆ ನಿಂತಿದೆ. ರೇಖೆಯ ಮೇಲೆಯೇ ಇರುವ ಪ್ರಾಣಿ ಖಂಡಿತ ಕಣ್ಣಿಗೆ ಬೀಳುತ್ತದೆ ಎಂಬುದು ಮೊದಲನೆಯದು. ಆನೆಯ ಮಟ್ಟಿಗೆ ಇದನ್ನು ಹನಗೋಡು ಹೋಬಳಿಯಲ್ಲಿ ಈವರೆಗೆ ಯಾರೂ ಅಲ್ಲಗಳೆದಿಲ್ಲ. ಕಾಣುವ ಮೊದಲು ಪ್ರಾಣಿ ಜಾಗ ಬದಲಿಸಿರಬಾರದು ಎಂಬುದು ಎರಡನೆಯದು. ಕಂಡ ಮೇಲೆ ಸಂಶೋಧಕ ಜಾಗ ಬದಲಿಸಬಹುದೇ ಎಂಬ ಬಗ್ಗೆ ಗ್ರಂಥಗಳು ಮೌನ ವಹಿಸಿವೆ. ವಾಚರ್ ಮೌನ ವಹಿಸುವುದಿಲ್ಲ. “ಸಾ, ಮರಿ ಆನೆ ಐತೆ, ಹಿಂದಕ್ ಬನ್ನಿ” ಎನ್ನುತ್ತಾನೆ. ದೂರವನ್ನು ನಿಖರವಾಗಿ ಅಳೆಯಬೇಕು ಎಂಬುದು ಮೂರನೆಯದು. ಓಡುವವನ ದೂರ ಕ್ಷಣಕ್ಷಣಕ್ಕೂ ಹೆಚ್ಚುತ್ತಿರುವುದರಿಂದ ಇಲ್ಲಿ ವಿದ್ವಾಂಸರಿಗೆ ಕಷ್ಟವಿದೆ.

ಈ ಕಷ್ಟದ ಪರಿಹಾರವೇ ಲದ್ದಿ. ಅದು ಅಟ್ಟಿಸಿಕೊಂಡು ಬರುವುದಿಲ್ಲ, ಕಿವಿ ಅಗಲಿಸುವುದಿಲ್ಲ, ಟೇಪು ಹಿಡಿದರೆ ಸುಮ್ಮನಿರುತ್ತದೆ. ಆದ್ದರಿಂದಲೇ ಆನೆಗಣತಿಯ ಮೊದಲ ದಿನ ಬ್ಲಾಕಿನಲ್ಲಿ ನಡೆದು ಆನೆಗಳನ್ನೇ ಎಣಿಸಿದರೂ, ಎರಡನೆಯ ದಿನ ಎರಡು ಕಿಲೋಮೀಟರಿನ ರೇಖೆಯ ಮೇಲೆ ಲದ್ದಿಯನ್ನು ಎಣಿಸುತ್ತಾರೆ. ಮೂರನೆಯ ದಿನ ಕೆರೆಯ ಬಳಿ ಕೂರುತ್ತಾರೆ. ಅದು ಬರೀ ಕೂರುವ ಕೆಲಸ, ಚರ್ಚೆಗೆ ಅರ್ಹವಲ್ಲ.

ಸೂತ್ರ ಹೀಗಿದೆ: ಲದ್ದಿಯ ಸಾಂದ್ರತೆಯನ್ನು ಅದು ಕರಗುವ ದರದಿಂದ ಗುಣಿಸಿ, ಆನೆಯೊಂದು ದಿನಕ್ಕೆ ಎಷ್ಟು ಸಲ ಲದ್ದಿ ಹಾಕುತ್ತದೋ ಅದರಿಂದ ಭಾಗಿಸಿದರೆ ಆನೆಗಳ ಸಾಂದ್ರತೆ ಬರುತ್ತದೆ. ಮುದುಮಲೆಯ ಅಧ್ಯಯನದಿಂದ ಬಂದು ದಕ್ಷಿಣದಲ್ಲಿ ಬಳಕೆಯಾದ ಅಂಕಿ ದಿನಕ್ಕೆ 16.33. ಪೂರ್ವಪಕ್ಷ: ಹದಿನಾರು ಸರಿ, ಆ .33 ಯಾವಾಗ? ಸಿದ್ಧಾಂತ: ಅದು ಸರಾಸರಿ, ಯಾವ ಆನೆಗೂ ತಿಳಿಸತಕ್ಕದ್ದಲ್ಲ. ಕರಗುವ ದರದಲ್ಲಿ ಸಗಣಿಹುಳದ ಕೈವಾಡವಿದೆ. ಮೇ ತಿಂಗಳ ಮಳೆಯೊಂದು ಬಿದ್ದರೆ ಹುಳಗಳು ಎದ್ದು ರಾತ್ರೋರಾತ್ರಿ ದತ್ತಾಂಶವನ್ನು ಉಂಡೆಕಟ್ಟಿ ಉರುಳಿಸಿಕೊಂಡು ಹೋಗುತ್ತವೆ.

ಇಷ್ಟೆಲ್ಲ ಆಗಿ ಕರ್ನಾಟಕದಲ್ಲಿ 2017ರಲ್ಲಿ 6,049 ಆನೆ, 2023ರ ಮೇ ಗಣತಿಯಲ್ಲಿ 6,395. ಹನಗೋಡಿನ ರೈತರು ಈ ಅಂಕಿಯನ್ನು ಕೇಳಿ ಬೆರಗಾಗಲಿಲ್ಲ. ಅವರದು ಪ್ರತಿಗಣತಿ ಪಂಥ, ಅಲ್ಲಿ ಎಣಿಸುವವು ಆನೆಗಳೇ. ಆನೆಗಳು ರೈಲು ಕಂಬಿಯ ಬೇಲಿಯಲ್ಲಿ ಸಂದಿ ಹುಡುಕಿ ರಾತ್ರಿ ಹೊಲಕ್ಕೆ ಬಂದು ಜೋಳ, ರಾಗಿ, ಬಾಳೆಯ ಸಮೀಕ್ಷೆ ನಡೆಸಿ, ಹೊಗೆಸೊಪ್ಪನ್ನು ತುಳಿದು, ವರದಿಯನ್ನು ಬದುವಿನ ಮೇಲೆ ಬಿಸಿಬಿಸಿಯಾಗಿ ಬಿಟ್ಟುಹೋಗುತ್ತವೆ. ರೇಖೆ ಸರಳವಾಗಿಲ್ಲ ಎಂಬ ಒಂದು ದೋಷ ಬಿಟ್ಟರೆ ಈ ವಿಧಾನ ಮನುಷ್ಯರದಕ್ಕಿಂತ ಶ್ರದ್ಧೆಯದು. ನಾವು ಕೆಲವು ವರ್ಷಕ್ಕೊಮ್ಮೆ ಮೂರು ದಿನ ಹೋಗುತ್ತೇವೆ, ಅವು ಬೆಳೆ ಇರುವಷ್ಟು ದಿನ ಬರುತ್ತವೆ.

ಒಂದು ಮಾತು ಅಣಕಕ್ಕೆ ಒಗ್ಗದೆ ಉಳಿದಿದೆ. ಜಿಪಿಎಸ್, ದಿಕ್ಸೂಚಿ, ದೂರಮಾಪಕ ಹೊತ್ತ ಸಂಶೋಧಕ ಲಂಟಾನದ ಪೊದೆಯಲ್ಲಿ ಏನನ್ನೂ ಕಾಣದೆ ದಾಟಿಹೋಗುವಾಗ, ಲದ್ದಿಯನ್ನು ಮೊದಲು ನೋಡುವವನು, ಕಾಲಿನಲ್ಲಿ ಸರಿಸಿ “ನೆನ್ನೆ ಸಂಜೇದು” ಎನ್ನುವವನು, ಆನೆ ಇರುವ ಪೊದೆಯನ್ನು ವಾಸನೆಯಿಂದ ಹೇಳುವವನು ಮುಂದೆ ನಡೆಯುವ ಆ ವಾಚರ್. ದತ್ತಾಂಶ ಅವನ ಕಣ್ಣಿನದು, ಕೋಷ್ಟಕ ನಮ್ಮದು. ಮುಂದಿನ ಗಣತಿಯ ನಮೂನೆ ಅಚ್ಚಾಗುವ ಮೊದಲು ಅದರಲ್ಲಿ ಇನ್ನೊಂದು ಅಂಕಣ ಸೇರಿಸಿ: ‘ಮೊದಲು ಕಂಡವರ ಹೆಸರು’. ವರದಿಯಲ್ಲೂ ಅದನ್ನು ಅಚ್ಚುಹಾಕಿ.