ಕಂಪ್ಯೂಟರಿನ ಬುದ್ಧಿ ಇಳಿಸುವ ವಿದ್ಯೆ

ಹಳೆಯ ಆಟ ಹೊಸ ಕಂಪ್ಯೂಟರಿನಲ್ಲಿ ಓಡದಿದ್ದರೆ ಅದಕ್ಕೆ ಯಂತ್ರದ ಅಶಕ್ತಿ ಕಾರಣವಲ್ಲ, ಅತಿಶಕ್ತಿ ಕಾರಣ. ಜಾನ್ ರೊಮೆರೊ ಬರೆದ ‘ಡೇಂಜರಸ್ ಡೇವ್’ 1990ರಲ್ಲಿ ಆಗಿನ ಕಾರ್ಯಾಚರಣ ವ್ಯವಸ್ಥೆಯಾದ ಡಾಸ್‌ಗೆ ಬಂತು. ಹತ್ತು ಹಂತ, ಪ್ರತಿ ಹಂತದಲ್ಲೂ ಒಂದು ಟ್ರೋಫಿ ಕಪ್. ಕಪ್ ಸಿಗದೆ ಬಾಗಿಲು ತೆರೆಯದು. ಇದು 16-ಬಿಟ್ ಪ್ರೋಗ್ರಾಮ್. 64-ಬಿಟ್ ವಿಂಡೋಸ್ 16-ಬಿಟ್ಟಿನ ಸಂಬಂಧವನ್ನೇ ಕಡಿದುಕೊಂಡಿದೆ. ಡೇವ್‌ನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ‘ಇದು ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ’ ಎಂಬ ಸಭ್ಯ ನಿರಾಕರಣೆ ಬರುತ್ತದೆ.

ಇದಕ್ಕೆ ಮದ್ದು ಡಾಸ್‌ಬಾಕ್ಸ್. 2002ರಲ್ಲಿ ಹೊರಬಂದ ಈ ಉಚಿತ ತಂತ್ರಾಂಶ ಹೊಸ ಯಂತ್ರದೊಳಗೆ ಒಂದು ಹಳೆಯ ಯಂತ್ರವಾಗಿ ನಟಿಸುತ್ತದೆ. ಆಟವಿರುವ ಫೋಲ್ಡರನ್ನು ‘ಮೌಂಟ್’ ಆಜ್ಞೆಯಿಂದ ಸಿ ಡ್ರೈವ್ ಎಂದು ನಂಬಿಸಬೇಕು. ಪುಣೆಯ ಸ್ವಾರಗೇಟದಂಥ ಕಡೆ ನೆಲೆಸಿದ ಕನ್ನಡ ಮನೆಗಳಲ್ಲಿ ಈ ಪೂಜೆ ನಡೆಯುವುದು ಹೆಚ್ಚಾಗಿ ಬೇಸಿಗೆ ರಜೆಯಲ್ಲಿ, ಹುಬ್ಬಳ್ಳಿ ಬಸ್ಸಿನಿಂದ ಇಳಿದ ಅಣ್ಣನ ಮಕ್ಕಳೆದುರು. ಕಾಕಾ ಕಪ್ಪು ಪರದೆಯ ಮೇಲೆ ಅಕ್ಷರ ಕುಟ್ಟುತ್ತಿದ್ದರೆ, ‘ಕಾಕಾ, ಮೌಸ್ ಯಾಕ ಹಿಡಿವಲ್ರಿ?’ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಆಮೇಲಿನ ತೊಡಕು ವೇಗದ್ದು. ಎಷ್ಟೋ ಹಳೆಯ ಆಟಗಳಿಗೆ ಗಡಿಯಾರದ ಹಂಗಿಲ್ಲ. ಪ್ರೊಸೆಸರ್ ಎಷ್ಟು ಚುರುಕೋ ಆಟವೂ ಅಷ್ಟೇ ಚುರುಕು. ವೈರಿ ಕಣ್ಣಿಗೆ ಬೀಳುವ ಮೊದಲೇ ಆಟಗಾರ ಸತ್ತಿರುತ್ತಾನೆ. ಹಿಂದೆ ಕಂಪ್ಯೂಟರಿನ ಪೆಟ್ಟಿಗೆಯ ಮೇಲೆಯೇ ಇದಕ್ಕೊಂದು ಟರ್ಬೊ ಗುಂಡಿ ಇತ್ತು. ಹೆಸರು ವೇಗದ್ದಾದರೂ ಅದನ್ನು ಇಟ್ಟದ್ದು ಬೇಕಾದಾಗ ಯಂತ್ರವನ್ನು ನಿಧಾನ ಮಾಡಲಿಕ್ಕೆ. ಡಾಸ್‌ಬಾಕ್ಸ್‌ನಲ್ಲಿ ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ವೇಗ ಇಳಿಯುತ್ತದೆ, ಎಫ್12 ಒತ್ತಿದರೆ ಏರುತ್ತದೆ. ಬೆರಳು ತಪ್ಪಿ ಎಫ್9ರ ಮೇಲೆ ಬಿದ್ದರೆ ಡೇವ್ ಸಮೇತ ಡಾಸ್‌ಬಾಕ್ಸೇ ಮುಚ್ಚಿಹೋಗುತ್ತದೆ, ಹೇಳದೆ ಕೇಳದೆ.

ಸಿ.ಡಿ. ಆಟಗಳ ಪಾಡು ಬೇರೆ. ನಕಲು ತಡೆಯಲು ಹಲವು ಆಟಗಳು ಸೇಫ್‌ಡಿಸ್ಕ್ ಎಂಬ ಕಾವಲುಗಾರನನ್ನು ನಂಬಿದ್ದವು. ಅದರ ಡ್ರೈವರ್‌ನಲ್ಲಿ ಭದ್ರತೆಯ ದೋಷವಿದೆಯೆಂದು 2015ರ ವಿಂಡೋಸ್ 10 ಅದನ್ನು ಹೊರಗಿಟ್ಟಿತು. ದುಡ್ಡು ಕೊಟ್ಟು ಕೊಂಡ ಅಸಲಿ ಸಿ.ಡಿ. ನಿಂತಿತು, ಬೀಗ ಮುರಿದ ಕಳ್ಳ ಪ್ರತಿ ಆರಾಮಾಗಿ ಓಡಿತು. ಇಂಥವಕ್ಕೆ ಒಂದು ದಾರಿ ವರ್ಚುವಲ್ ಯಂತ್ರದಲ್ಲಿ ವಿಂಡೋಸ್ ಎಕ್ಸ್‌ಪಿ ಹಾಕುವುದು. ಮೂರು ಆಯಾಮದ ಆಟಗಳು ಅಲ್ಲಿಯೂ ಕುಂಟುತ್ತವೆ. ಕಡೆಗೆ ಅಟ್ಟದ ಮೇಲಿನ ಹಳೆಯ ಕಂಪ್ಯೂಟರನ್ನೇ ಇಳಿಸಬೇಕು, ದೀಪಾವಳಿಯ ಸ್ವಚ್ಛತೆಯಲ್ಲಿ ಅದು ಗುಜರಿ ಕೊಳ್ಳುವ ಭಂಗಾರವಾಲಾನ ಕೈಗಾಡಿ ಏರಿರದಿದ್ದರೆ.